ಒಂದು ಹಕ್ಕಿ, ಒಬ್ಬ ಹುಡುಗಿ: ಫಿಲಿಪ್ ಹೂಸ್ ಪುಸ್ತಕ ಓದಿದವರು ಯಾರಾದರೂ ಇದ್ದೀರಾ?

ಹಕ್ಕಿಗೂಡು

ಫಿಲಿಪ್ ಹೂಸ್ ಅಂತ ಒಬ್ಬ ಅಮೆರಿಕನ್ ಲೇಖಕರಿದ್ದಾರೆ. ಕಥೆ ಕಾದಂಬರಿಯವರಲ್ಲ, ನಡೆದದ್ದನ್ನೇ ಬರೆಯುವವರು. ಅದೂ ಹೆಚ್ಚಾಗಿ ಹೈಸ್ಕೂಲ್ ವಯಸ್ಸಿನ ಮಕ್ಕಳಿಗೆ. ಮಗಳಿಗೆ ಅಂತ ತರಿಸಿದ್ದು, ಈಗ ನಾನೇ ಒಂದಾದ ಮೇಲೊಂದು ಓದುತ್ತಾ ಕೂತಿದ್ದೇನೆ.

ಅವರ ಪುಸ್ತಕಗಳನ್ನು ಎರಡು ರಾಶಿ ಮಾಡಬಹುದು. ಒಂದರಲ್ಲಿ ಹಕ್ಕಿಗಳು. ಇನ್ನೊಂದರಲ್ಲಿ ಇತಿಹಾಸದವರು ಬರೆಯದೇ ಬಿಟ್ಟ ಹುಡುಗ ಹುಡುಗಿಯರು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ನಿಮಗೂ ಅನ್ನಿಸಬಹುದು. ಹುಟ್ಟಿದ್ದು 1947ರಲ್ಲಿ, ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ. ಯೇಲ್‌ನಲ್ಲಿ ಅರಣ್ಯಶಾಸ್ತ್ರ ಓದಿದರು. ದಿ ನೇಚರ್ ಕನ್ಸರ್ವೆನ್ಸಿಯಲ್ಲಿ ಮೂರು ದಶಕಕ್ಕೂ ಜಾಸ್ತಿ ನೌಕರಿ. ಅಪರೂಪದ ಜೀವಿಗಳು ಇರೋ ಜಾಗ ಹುಡುಕಿ ಉಳಿಸೋದು ಆ ಸಂಸ್ಥೆಯ ಕೆಲಸ. ಹಾಗಾಗಿ ಹಕ್ಕಿ ಪುಸ್ತಕ ಅರ್ಥವಾಗುತ್ತೆ. ಹುಡುಗರು ಎಲ್ಲಿಂದ ಬಂದರು?

ನನಗನ್ನಿಸೋದು, ಎರಡೂ ರಾಶಿಯಲ್ಲಿ ಇರೋದು ಒಂದೇ ಕೆಲಸ. ಅವರು ಇಡೀ ಒಂದು ಜಾತಿಯ ಹಕ್ಕಿಗಳ ಬಗ್ಗೆ ಶುರು ಮಾಡಲ್ಲ, ಇಡೀ ಚಳವಳಿಯ ಬಗ್ಗೆಯೂ ಶುರು ಮಾಡಲ್ಲ. ಒಂದೇ ಹಕ್ಕಿಯ ಹಿಂದೆ ಬೀಳುತ್ತಾರೆ. ಒಬ್ಬಳೇ ಹುಡುಗಿಯ ಹಿಂದೆ ಬೀಳುತ್ತಾರೆ. ಮಿಕ್ಕಿದ್ದು ಆ ದಾರಿಯಲ್ಲೇ ಸಿಗುತ್ತಾ ಹೋಗುತ್ತೆ.

'ಮೂನ್‌ಬರ್ಡ್' (2012) ನೋಡಿ. ಅರ್ಜೆಂಟೀನಾದ ದಕ್ಷಿಣದ ತುತ್ತತುದಿಯಲ್ಲಿ ಟಿಯೆರಾ ಡೆಲ್ ಫ್ಯೂಗೊ ಅಂತ ದ್ವೀಪ. ಅಲ್ಲಿ 1995ರಲ್ಲಿ ವಿಜ್ಞಾನಿಗಳು ಬಲೆ ಹಾಕಿ ಹಿಡಿದು ಕಾಲಿಗೆ ಬಳೆ ತೊಡಿಸಿದ ಒಂದು ರೆಡ್ ನಾಟ್ ಹಕ್ಕಿ. ಮುಂದೆ ಮತ್ತೆ ಸಿಕ್ಕಾಗ ಕಿತ್ತಳೆ ಬಣ್ಣದ ಪುಟ್ಟ ಪಟ್ಟಿ ಹಾಕಿದರು, ಅದರ ಮೇಲೆ 'ಬಿ95' ಅಂತ ಬರೆದಿತ್ತು. ತೂಕ ನೂರು ಗ್ರಾಂ ಚಿಲ್ಲರೆ. ಪ್ರತಿ ವರ್ಷ ಅಲ್ಲಿಂದ ಕೆನಡಾದ ಆರ್ಕ್ಟಿಕ್‌ಗೆ ಹೋಗಿ ವಾಪಸ್, ಸುಮಾರು 29,000 ಕಿ.ಮೀ. ಹೀಗೆ ಹಾರಿ ಹಾರಿ ಚಂದ್ರನನ್ನು ಮುಟ್ಟಿ ವಾಪಸ್ ಹೊರಟಷ್ಟು ದೂರ ಮುಗಿಸಿತ್ತು. ಅದೇ ಕಾಲದಲ್ಲಿ ಅದರ ಜೊತೆಗಾರರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಿತ್ತು. ಯಾಕೆ ಬಿತ್ತು ಅಂತ ನಾವು ಕೇಳೋದೇ ಆ ಒಂದು ಹಕ್ಕಿಗೆ ಏನಾಯ್ತೋ ಅನ್ನೋ ಚಿಂತೆಯಿಂದ.

ಧಾರವಾಡದ_ಮೇಷ್ಟ್ರು

ಚೆನ್ನಾಗಿ ಬರೆದಿದ್ದೀರಿ ಮೇಡಂ. ಆದರೆ ಇತಿಹಾಸ ಪಾಠ ಮಾಡುವವನಾಗಿ ನನಗೆ ಒಂದು ಅನುಮಾನ. 'ಇತಿಹಾಸದಲ್ಲಿ ಮಕ್ಕಳು' ಅಂದ ಕೂಡಲೇ ಹೆದರಿಕೆ ಆಗುತ್ತೆ. ನಮ್ಮಲ್ಲೂ ಬಾಲವೀರರ ಪುಸ್ತಕಗಳಿಗೇನು ಬರವಿಲ್ಲ. ಐದನೇ ವರ್ಷಕ್ಕೇ ಸುಳ್ಳು ಹೇಳದ ಹುಡುಗ, ಏಳನೇ ವರ್ಷಕ್ಕೆ ಹುಲಿ ಓಡಿಸಿದವನು. ಓದುವ ಮಗುವಿಗೆ 'ನಾನು ಹೀಗಿಲ್ಲವಲ್ಲ' ಅಂತ ಬೇಜಾರು ಬಿಟ್ಟರೆ ಬೇರೇನೂ ಬರೋದಿಲ್ಲ. ಇವರದು ಅದಕ್ಕಿಂತ ಹೇಗೆ ಬೇರೆ?

ಹಕ್ಕಿಗೂಡು

ಮೇಷ್ಟ್ರೇ, ನಿಮ್ಮ ಈ ಮಾತನ್ನೇ ಹೆಚ್ಚುಕಮ್ಮಿ ಒಬ್ಬ ವಿದ್ಯಾರ್ಥಿನಿ ಅವರಿಗೆ ಹೇಳಿದ್ದಳು. 1993ರಲ್ಲಿ ಅವರು ಒಂದು ಪುಸ್ತಕ ತಂದರು, ಸುತ್ತಮುತ್ತ ಏನಾದರೂ ಬದಲಾವಣೆ ಮಾಡಿದ ಆಗಿನ ಮಕ್ಕಳ ಬಗ್ಗೆ. ಅದಕ್ಕಾಗಿ ಮಾತಾಡಿಸುವಾಗ ಅವಳು ಹೇಳಿದ್ದಿಷ್ಟು: ನಮಗೆ ಕಲಿಸೋ ಇತಿಹಾಸದಲ್ಲಿ ನಮ್ಮ ವಯಸ್ಸಿನವರೇ ಇಲ್ಲ, ಓದುತ್ತಾ ಹೋದರೆ ನಾವು ಮನುಷ್ಯರೇ ಅಲ್ಲವೇನೋ ಅನ್ನಿಸುತ್ತೆ. ಅದು ಇವರ ತಲೆಯಲ್ಲಿ ಕೊರೆಯತೊಡಗಿತು. ಆಮೇಲೆ ಬಂದದ್ದೇ 2001ರ 'ವಿ ವರ್ ದೇರ್, ಟೂ!'. ಕೊಲಂಬಸ್‌ನ ಹಡಗಿನಲ್ಲಿ ಕೆಲಸಕ್ಕಿದ್ದ ಹುಡುಗರಿಂದ ಶುರುವಾಗುತ್ತೆ. ಕೊಲಂಬಸ್ ಎಲ್ಲರಿಗೂ ಗೊತ್ತು, ಅವನ ಹಡಗು ತೊಳೆದ ಹುಡುಗರು ಯಾರು? ಅಲ್ಲಿಂದ ಕಥೆ.

ಹುಲಿ ಓಡಿಸಿದವರು ಯಾರೂ ಇಲ್ಲ. ಇರೋದು ಜಾಸ್ತಿ ದುಡಿದವರು, ಓಡಿಹೋದವರು, ಡೈರಿ ಬರೆದವರು.

ಬೆಂಚಿನ_ಮೇಲೆ

ಮೇಷ್ಟ್ರಿಗೆ ಉತ್ತರ ಬೇಕಿದ್ದರೆ ಕ್ಲಾಡೆಟ್ ಕಾಲ್ವಿನ್ ಪುಸ್ತಕ ಓದಬೇಕು. 2009ರದ್ದು, ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು.

ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಎಲ್ಲರಿಗೂ ಗೊತ್ತು, 1955ರ ಡಿಸೆಂಬರ್. ಅದಕ್ಕೆ ಒಂಬತ್ತು ತಿಂಗಳು ಮೊದಲೇ, ಮಾರ್ಚ್ 2ಕ್ಕೆ, ಅದೇ ಮಾಂಟ್‌ಗೊಮರಿ ಊರಲ್ಲಿ, 15 ವರ್ಷದ ಈ ಹುಡುಗಿ ಏಳಲ್ಲ ಅಂತ ಕೂತಿದ್ದಳು. ಶಾಲೆ ಮುಗಿಸಿ ಮನೆಗೆ ಹೊರಟವಳು. ಪೊಲೀಸರು ಎಳೆದು ಕೆಳಗಿಳಿಸಿದರು, ಕೈಕೋಳ ಹಾಕಿದರು, ದೊಡ್ಡವರ ಜೈಲಿಗೆ ತಳ್ಳಿದರು. ಸೆಲ್ಲಿನ ಬಾಗಿಲು ಹಾಕಿಕೊಂಡಾಗ ಏನು ಮಾಡೋದು ಅಂತ ತಿಳಿಯದೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳತೊಡಗಿದಳು. ಎಡ್ಗರ್ ಅಲನ್ ಪೋ ಪದ್ಯ. ಷೇಕ್ಸ್‌ಪಿಯರ್ ನಾಟಕದ ಪಾತ್ರಗಳ ಹೆಸರು. ಬೈಬಲ್‌ನ 23ನೇ ಕೀರ್ತನೆ. ಹೆದರಿದ ಹೈಸ್ಕೂಲ್ ಹುಡುಗಿ ಅಂದ್ರೆ ಹೀಗೇ ಅಲ್ವಾ? ಬಾಲವೀರರ ಪುಸ್ತಕದಲ್ಲಾದರೆ ಅವಳು ಭಾಷಣ ಮಾಡುತ್ತಿದ್ದಳು.

ಆಮೇಲಿನದು ಇನ್ನೂ ಕಹಿ. ಊರಿನ ಮುಖಂಡರು ಇವಳನ್ನು ಮುಂದಿಟ್ಟುಕೊಂಡು ಹೋರಾಟ ಮಾಡಲಿಲ್ಲ. ಚಿಕ್ಕವಳು, ಬಡವರ ಮನೆಯವಳು, ಮಾತು ಖಡಕ್. ಕೆಲ ತಿಂಗಳಿಗೆ ಬಸುರಿ ಬೇರೆ. ಶಾಲೆಯಲ್ಲಿ ಗೆಳತಿಯರೂ ದೂರವಾದರು. ಇಷ್ಟೆಲ್ಲ ಆದ ಮೇಲೂ 1956ರ ಮೇ ತಿಂಗಳಲ್ಲಿ ಫೆಡರಲ್ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದಳು. ಬ್ರೌಡರ್ ವಿರುದ್ಧ ಗೇಲ್ ಅನ್ನೋ ಆ ಮೊಕದ್ದಮೆಯಲ್ಲಿ ನಾಲ್ವರು ಹೆಂಗಸರು ಫಿರ್ಯಾದಿಗಳು, ಅವರಲ್ಲಿ ಇವಳೂ ಒಬ್ಬಳು. ಮಾಂಟ್‌ಗೊಮರಿ ಬಸ್ಸುಗಳಲ್ಲಿನ ವರ್ಣಭೇದ ಕಾನೂನಿಗೆ ಬಿದ್ದದ್ದು ಆ ಮೊಕದ್ದಮೆಯ ಏಟು. ಊರಿನ ಕಪ್ಪು ಜನರ ಬಸ್ ಬಹಿಷ್ಕಾರ 381 ದಿನ ನಡೆದದ್ದು ನಿಜ. ಆದರೆ ಅದನ್ನು ಕೊನೆಗೆ ಮುಗಿಸಿದ್ದು ಕೋರ್ಟು.

ಇದ್ಯಾವುದನ್ನೂ ಪುಸ್ತಕ ಮುಚ್ಚಿಡಲ್ಲ. ಮಕ್ಕಳಿಗೆ ಬೇಡ ಅಂತ ಬಸುರಿನ ವಿಷಯ ಬಿಟ್ಟಿದ್ದರೆ, ಊರವರು ಯಾಕೆ ಕೈಬಿಟ್ಟರು ಅನ್ನೋದೇ ಅರ್ಥವಾಗ್ತಾ ಇರಲಿಲ್ಲ.

ಕಾಫಿ_ಪುಡಿ

ಚರ್ಚೆಗೆ ಸ್ವಲ್ಪ ಖಾರ ಹಾಕ್ತೀನಿ. ಹೂಸ್ ಬಿಳಿಯರು. ಕಪ್ಪು ಹುಡುಗಿಯ ಕಥೆ ಹೇಳಿ ಪ್ರಶಸ್ತಿ ತಗೊಂಡರು. 'ಯಾರಿಗೂ ಗೊತ್ತಿಲ್ಲದ ಕಥೆ' ಅಂತ ಹೊರಗಿನವರು ಬಂದು ಹುಡುಕಿಕೊಡೋದು ನಮಗೇನು ಹೊಸದಲ್ಲ. ಮಾಂಟ್‌ಗೊಮರಿಯ ಕಪ್ಪು ಜನರಿಗೆ ಆ ಹುಡುಗಿ ಯಾರು ಅಂತ ಮೊದಲಿಂದಲೂ ಗೊತ್ತಿತ್ತು, ಕೋರ್ಟಿನ ದಾಖಲೆಯಲ್ಲೂ ಇತ್ತು. ಅವಳ ವಕೀಲ ಫ್ರೆಡ್ ಗ್ರೇ ಕೂಡ ಅವಳನ್ನು ಮರೆತವರಲ್ಲ.

ಬೆಂಚಿನ_ಮೇಲೆ

> 'ಯಾರಿಗೂ ಗೊತ್ತಿಲ್ಲದ ಕಥೆ' ಅಂತ ಹೊರಗಿನವರು ಬಂದು ಹುಡುಕಿಕೊಡೋದು

ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಪುಸ್ತಕ ಕಟ್ಟಿರೋ ರೀತಿಯಲ್ಲಿದೆ. ಆಕೆ ಅಷ್ಟೊತ್ತಿಗೆ ನ್ಯೂಯಾರ್ಕಿನಲ್ಲಿದ್ದರು, ವೃದ್ಧಾಶ್ರಮದಲ್ಲಿ ನರ್ಸಿಂಗ್ ಸಹಾಯಕಿಯಾಗಿ ದಶಕಗಳ ಕಾಲ ದುಡಿದವರು. ಹೂಸ್ ಒಬ್ಬ ಪತ್ರಕರ್ತರ ಮೂಲಕ ಕೇಳಿಸಿ, ವರ್ಷಗಟ್ಟಲೆ ಕಾದರು. ಆಕೆ ಒಪ್ಪಿದ ಮೇಲೇ ಕೆಲಸ ಶುರು. ಪುಸ್ತಕದಲ್ಲಿ ಉದ್ದುದ್ದ ಭಾಗಗಳು ಆಕೆಯ ಮಾತಿನಲ್ಲೇ ಇವೆ, 'ನಾನು' ಅಂತ. ನಡುನಡುವೆ ಹೂಸ್ ಬಂದು ಆಗ ಊರಲ್ಲಿ ಏನು ನಡೀತಿತ್ತು ಅಂತ ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಪ್ರಶಸ್ತಿ ವೇದಿಕೆಗೂ ಆಕೆಯನ್ನು ಕರೆದುಕೊಂಡು ಹೋದರು. ಅವಳ ಪರವಾಗಿ ಮಾತಾಡೋದಕ್ಕೂ ಅವಳಿಗೆ ಮೈಕ್ ಕೊಡೋದಕ್ಕೂ ವ್ಯತ್ಯಾಸ ಇದೆ.

ಕಾಫಿ_ಪುಡಿ

ಮೈಕ್ ಕೊಟ್ಟರೂ ಯಾವ ಮಾತು ಉಳಿಸಬೇಕು ಅಂತ ಕತ್ತರಿ ಹಿಡಿದವರು ಅವರೇ ಅಲ್ವಾ? ಇರಲಿ, 'ನಾನು' ಅನ್ನೋ ಭಾಗಗಳ ವಿಷಯ ಒಪ್ಪುತ್ತೇನೆ. ಬರೀ ಆ ಭಾಗಗಳನ್ನೇ ಬಿಡಿಯಾಗಿ ಓದಿದರೂ ನಿಲ್ಲುತ್ತವೆ. ಕೂದಲಿನ ಪ್ರಸಂಗ ನನಗೆ ಇಷ್ಟವಾಯ್ತು. ಆಗಿನ ಕಪ್ಪು ಹುಡುಗಿಯರು ಕೂದಲನ್ನು ಬಿಸಿ ಬಾಚಣಿಗೆಯಿಂದ ನೆಟ್ಟಗೆ ಮಾಡಿಕೊಂಡು ಶಾಲೆಗೆ ಹೋಗಬೇಕು. ಒಂದು ದಿನ ಅವಳು ಇದ್ದ ಹಾಗೇ ಹೆಣೆದುಕೊಂಡು ಹೋದಳು. ಇಡೀ ಶಾಲೆ ಹುಚ್ಚಿ ಅಂತು. ಬಸ್ಸಿಗಿಂತ ಆ ಘಟನೆಯಲ್ಲೇ ನನಗೆ ಅವಳು ಜಾಸ್ತಿ ಪರಿಚಯವಾದಳು.

ಜರ್ಸಿ_ಕನ್ನಡತಿ

ಹಕ್ಕಿಯ ಕಡೆ ವಾಪಸ್ ಬರಬಹುದಾ? ನಾನಿರೋದು ನ್ಯೂಜೆರ್ಸಿಯಲ್ಲಿ, ಡೆಲವೇರ್ ಕೊಲ್ಲಿಗೆ ಕಾರಿನಲ್ಲಿ ಹೋಗಿಬರುವಷ್ಟು ದೂರ. ಬಿ95 ದಾರಿಯಲ್ಲಿ ಇಳಿಯುತ್ತಿದ್ದ ಜಾಗ ಇದೇ. 2014ರಲ್ಲೂ ಅದು ಕಂಡಿತ್ತು, ಅಂದರೆ ಅಷ್ಟೊತ್ತಿಗೆ ಅದಕ್ಕೆ 20ರ ಆಸುಪಾಸು.

ಮೇ ತಿಂಗಳಲ್ಲಿ ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಬಂದು ಜೋರು ಭರತ ಇದ್ದಾಗ ಹಾರ್ಸ್‌ಶೂ ಕ್ರ್ಯಾಬ್‌ಗಳು ದಡಕ್ಕೆ ಬರುತ್ತವೆ. ಹೆಸರಿಗಷ್ಟೇ ಏಡಿ, ಜೇಡ ಚೇಳುಗಳಿಗೆ ಹತ್ತಿರದ್ದು. ಬಾಣಲೆ ಬೋರಲು ಹಾಕಿದ ಹಾಗೆ ಕಾಣುತ್ತೆ, ಹಿಂದೆ ಚೂಪು ಬಾಲ. ಸಾವಿರಗಟ್ಟಲೆ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಹಸಿರು ಬಣ್ಣದ, ಸಾಸಿವೆಗಿಂತ ತುಸು ಸಣ್ಣ ಮೊಟ್ಟೆ.

ಈ ಮೊಟ್ಟೆಯೇ ಯಾಕೆ ಬೇಕು ಅನ್ನೋದು ಪುಸ್ತಕದಲ್ಲಿ ಬಹಳ ಚೆನ್ನಾಗಿದೆ. ದೂರ ಹಾರುವ ಮೊದಲು ಹಕ್ಕಿಯ ಹೊಟ್ಟೆ, ಕರುಳು ಎಲ್ಲ ಕುಗ್ಗುತ್ತೆ, ರೆಕ್ಕೆಯ ಮಾಂಸಖಂಡ ಬೆಳೆಯುತ್ತೆ. ಬೇಡದ ಭಾರ ಕಳಚಿ ಹೊರಡೋದು. ಆದರೆ ಇಳಿದಾಗ ಗಟ್ಟಿ ಚಿಪ್ಪಿನ ಕಪ್ಪೆಚಿಪ್ಪು ಕೊಟ್ಟರೆ ಅರಗಿಸೋ ಶಕ್ತಿ ಇರಲ್ಲ. ಮೆತ್ತಗಿನ, ಕೊಬ್ಬು ತುಂಬಿದ ಈ ಮೊಟ್ಟೆಗಳೇ ಆಗಬೇಕು. ಎರಡು ವಾರ ತಿಂದು ತೂಕ ಹೆಚ್ಚುಕಮ್ಮಿ ಎರಡು ಪಟ್ಟಾಗಬೇಕು, ಇಲ್ಲದಿದ್ದರೆ ಆರ್ಕ್ಟಿಕ್ ಮುಟ್ಟೋದಿಲ್ಲ.

1990ರ ದಶಕದಲ್ಲಿ ಈ ಏಡಿಗಳನ್ನು ಲಾರಿಗಟ್ಟಲೆ ಹಿಡಿದು ಹಾವುಮೀನು, ದೊಡ್ಡ ಶಂಖದ ಹುಳು ಹಿಡಿಯೋಕೆ ಎರೆ ಮಾಡಿದರು. ಮೊಟ್ಟೆ ಕಮ್ಮಿ, ಹಕ್ಕಿ ಕಮ್ಮಿ. ನಮ್ಮ ರಾಜ್ಯದಲ್ಲಿ 2008ರಿಂದ ಹಿಡಿಯುವಂತಿಲ್ಲ. ಈ ರೆಡ್ ನಾಟ್ ಉಪಜಾತಿಗೆ 2014ರ ಕೊನೆಗೆ ಕೇಂದ್ರದ ಕಾನೂನಿನ ರಕ್ಷಣೆಯೂ ಸಿಕ್ಕಿತು. ಆದರೂ ಸುಧಾರಿಸಿದೆ ಅಂತ ಹೇಳೋ ಹಾಗಿಲ್ಲ. ಇದೇ ಏಡಿಯ ನೀಲಿ ರಕ್ತ ಔಷಧ ಕಂಪನಿಗಳಿಗೂ ಬೇಕು. ಇಂಜೆಕ್ಷನ್, ಲಸಿಕೆಯಲ್ಲಿ ಬ್ಯಾಕ್ಟೀರಿಯಾದ ವಿಷ ಇದೆಯಾ ಅಂತ ಪರೀಕ್ಷೆ ಮಾಡೋದು ಹೆಚ್ಚಾಗಿ ಅದರಿಂದಲೇ. ನಾವೆಲ್ಲ ಅದರ ಋಣದಲ್ಲಿದ್ದೇವೆ ಅನ್ನಿ.

ಆ ದಿನಗಳಲ್ಲಿ ದಡದ ಎಷ್ಟೋ ಕಡೆ ಹಗ್ಗ ಕಟ್ಟಿ ಜನರನ್ನು ಬಿಡೋದಿಲ್ಲ, ಸ್ವಯಂಸೇವಕರು ಕಾವಲಿರುತ್ತಾರೆ. ಬೆನ್ನ ಮೇಲೆ ಬಿದ್ದು ಒದ್ದಾಡೋ ಏಡಿಗಳನ್ನು ಮಗುಚುವ ಕೆಲಸಕ್ಕೆ ಶಾಲೆ ಮಕ್ಕಳೂ ಬರುತ್ತಾರೆ. ಬಾಲ ಹಿಡಿದು ಎತ್ತಬಾರದು, ಮುರಿಯುತ್ತೆ. ಚಿಪ್ಪಿನ ಪಕ್ಕ ಹಿಡಿದು ತಿರುಗಿಸಬೇಕು. ಹೂಸ್ ಇಂಥವರನ್ನು ಬಿಡಲ್ಲ. ಹಕ್ಕಿ ಪುಸ್ತಕದಲ್ಲೂ ನಡುನಡುವೆ ವಿಜ್ಞಾನಿಗಳ, ಹೈಸ್ಕೂಲ್ ಹುಡುಗರ ಪರಿಚಯ ಬರುತ್ತೆ.

ಕೆರೆ_ಏರಿ

ಜರ್ಸಿ ಅಕ್ಕ, ಇದನ್ನು ಓದಿ ಖುಷಿಯಾಯ್ತು. ಮೈಸೂರು ಕಡೆ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅವುಗಳಲ್ಲೂ ಕೆಲವಕ್ಕೆ ಮಂಗೋಲಿಯಾದಲ್ಲಿ ಕುತ್ತಿಗೆಗೆ ಹಾಕಿದ ಪಟ್ಟಿ ಕಂಡಿದೆ, ಅಕ್ಷರ ಓದಬಹುದು. ದೂರದರ್ಶಕದಲ್ಲಿ ಆ ಅಕ್ಷರ ಕಂಡರೆ ಸಾಕು, ನೂರು ಬಾತುಗಳ ನಡುವೆ ಅದೊಂದನ್ನೇ ನೋಡ್ತಾ ನಿಲ್ಲುತ್ತೇವೆ. ಹಕ್ಕಿಗೂಡು ಅವರು ಹೇಳಿದ್ದು ಇದೇ ಅನ್ಕೋತೀನಿ.

ಆದರೆ ನನ್ನ ತಕರಾರು ಒಂದಿದೆ. ಬಿ95 ಬದುಕಿದ್ದು ಅದೃಷ್ಟ. ಅದನ್ನೇ 'ಮಹಾ ಛಲಗಾರ' ಅಂತ ಮಾಡಿಬಿಟ್ಟರೆ ಸತ್ತ ಸಾವಿರಾರು ಹಕ್ಕಿಗಳಿಗೆ ಛಲ ಇರಲಿಲ್ಲವಾ?

ಹಕ್ಕಿಗೂಡು

ಆ ತಕರಾರು ನನಗೂ ಇತ್ತು. ಪುಸ್ತಕದ ರಟ್ಟು ನೋಡಿದರೆ ಹಾಗೇ ಅನ್ನಿಸುತ್ತೆ. ಒಳಗೆ ಮಾತ್ರ ವಿಜ್ಞಾನಿಗಳೇ 'ಇದು ಯಾಕೆ ಉಳಿಯಿತೋ ಗೊತ್ತಿಲ್ಲ' ಅನ್ನುತ್ತಾರೆ. ಹೂಸ್ ಕೂಡ ಅದಕ್ಕೆ ಮನುಷ್ಯರ ಬುದ್ಧಿ ತುಂಬಲ್ಲ. ಹಕ್ಕಿ ಏನು ಯೋಚಿಸಿತು ಅಂತ ಎಲ್ಲೂ ಬರೆಯಲ್ಲ. ಏನು ತಿಂದಿತು, ಎಲ್ಲಿ ಇಳಿಯಿತು, ಎಷ್ಟು ತೂಗಿತು, ಅಷ್ಟೇ.

ಬೆಂಚಿನ_ಮೇಲೆ

ನನಗೆ ಎಲ್ಲದಕ್ಕಿಂತ ಇಷ್ಟ 2004ರ ಮರಕುಟಿಗದ ಪುಸ್ತಕ. ದಂತಕೊಕ್ಕಿನ ಮರಕುಟಿಗ. ಆಳೆತ್ತರದ ಮರಗಳಲ್ಲ, ಆನೆ ಗಾತ್ರದ ಮರಗಳು ಬೇಕಿದ್ದ ಹಕ್ಕಿ. ಆರಂಭದ ಪ್ರಸಂಗ ಕೇಳಿ. 1809ರಲ್ಲಿ ಅಲೆಕ್ಸಾಂಡರ್ ವಿಲ್ಸನ್ ಅನ್ನೋ ಪಕ್ಷಿತಜ್ಞ ನಾರ್ತ್ ಕೆರೊಲಿನಾದಲ್ಲಿ ಒಂದಕ್ಕೆ ಗುಂಡು ಹೊಡೆದ. ರೆಕ್ಕೆಗೆ ಸ್ವಲ್ಪ ಗಾಯ ಅಷ್ಟೇ. ಮಗುವಿನ ಹಾಗೆ ಕಿರುಚುತ್ತಿದ್ದ ಅದನ್ನು ಕುದುರೆ ಮೇಲೆ ಹೊತ್ತು ವಿಲ್ಮಿಂಗ್ಟನ್ ಊರಿನ ಹೋಟೆಲಿಗೆ ತಂದ. ರೂಮಲ್ಲಿ ಬಿಟ್ಟು ಕುದುರೆ ನೋಡಿಕೊಂಡು ಬರೋಣ ಅಂತ ಹೋದ. ಒಂದು ಗಂಟೆಯೊಳಗೆ ವಾಪಸ್ ಬಂದರೆ ಹಾಸಿಗೆ ಮೇಲೆಲ್ಲ ಗಾರೆ, ಗೋಡೆಯಲ್ಲಿ ದೊಡ್ಡ ತೂತು, ಇನ್ನು ಸ್ವಲ್ಪದರಲ್ಲಿ ಆಚೆ ಹೋಗುತ್ತಿತ್ತು. ಮೇಜಿಗೆ ಕಟ್ಟಿದರೆ ಮೇಜನ್ನೇ ಪುಡಿ ಮಾಡಿತು. ಏನು ಕೊಟ್ಟರೂ ತಿನ್ನಲಿಲ್ಲ. ಮೂರು ದಿನಕ್ಕೆ ಸತ್ತುಹೋಯಿತು. ಅವನು ಅಷ್ಟರಲ್ಲಿ ಚಿತ್ರ ಬರೆದು ಮುಗಿಸಿದ್ದ!

ಕೊನೆಯ ಭಾಗ ಲೂಸಿಯಾನಾದ ಸಿಂಗರ್ ಟ್ರ್ಯಾಕ್ಟ್ ಕಾಡು. ಹೊಲಿಗೆ ಯಂತ್ರದ ಅದೇ ಸಿಂಗರ್ ಕಂಪನಿ, ಯಂತ್ರದ ಪೆಟ್ಟಿಗೆಗೆ ಮರ ಬೇಕು ಅಂತ ಸುಮಾರು 80,000 ಎಕರೆ ಇಟ್ಟುಕೊಂಡಿತ್ತು. ಕಡಿಯುವ ಹಕ್ಕು ಮರದ ಕಂಪನಿಯೊಂದಕ್ಕೆ ಹೋಯಿತು. ಯುದ್ಧದ ಕಾಲದಲ್ಲಿ ಕಡಿಯೋಕೆ ಜನ ಸಿಗದೆ ಜರ್ಮನ್ ಯುದ್ಧಕೈದಿಗಳನ್ನು ಕರೆತಂದರು. 1944ರ ಏಪ್ರಿಲ್‌ನಲ್ಲಿ ಡಾನ್ ಎಕೆಲ್‌ಬೆರಿ ಅನ್ನೋ ಚಿತ್ರಕಾರ ಅಲ್ಲಿಗೆ ಹೋಗಿ ಉಳಿದಿದ್ದ ಒಂದೇ ಒಂದು ಹೆಣ್ಣು ಹಕ್ಕಿಯನ್ನು ದಿನಾ ನೋಡಿ ಚಿತ್ರ ಬರೆದ. ಅವನ ಜೊತೆ ಊರಿನ ಇಬ್ಬರು ಹುಡುಗರು ಇದ್ದರು. ಎಲ್ಲರೂ ಒಪ್ಪುವ ಕೊನೆಯ ನೋಟಗಳಲ್ಲಿ ಅದೂ ಒಂದು, ಅದನ್ನು ಕಂಡವರಲ್ಲಿ ಮಕ್ಕಳೂ ಇದ್ದರು. ಎರಡು ರಾಶಿ ಅಂದ್ರಲ್ಲ, ಆ ಪುಟದಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಕೆರೆ_ಏರಿ

ಆ ಪುಸ್ತಕ ಬಂದ ಮರುವರ್ಷವೇ, 2005ರ ಏಪ್ರಿಲ್‌ನಲ್ಲಿ, ಅರ್ಕನ್ಸಾದಲ್ಲಿ ಹಕ್ಕಿ ಮತ್ತೆ ಕಂಡಿತು ಅಂತ ದೊಡ್ಡ ಸುದ್ದಿ ಆಯ್ತಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದವರು, ನೇಚರ್ ಕನ್ಸರ್ವೆನ್ಸಿಯವರು ಸೇರಿ ಹೇಳಿದ್ದು. ಒಂದು ಮಸುಕು ವಿಡಿಯೊ. ಅದು ಬೇರೆ ಮಾಮೂಲಿ ಮರಕುಟಿಗ ಅಂತ ಎಷ್ಟೋ ಜನ ತಜ್ಞರು ಒಪ್ಪಲೇ ಇಲ್ಲ. 2021ರಲ್ಲಿ ಸರ್ಕಾರ 'ನಿರ್ನಾಮವಾಗಿದೆ ಅಂತ ಘೋಷಿಸುತ್ತೇವೆ' ಅಂತು. 2023ರಲ್ಲಿ ಬೇರೆ 21 ಜೀವಿಗಳನ್ನು ನಿರ್ನಾಮ ಅಂತ ರಕ್ಷಿತ ಜೀವಿಗಳ ಪಟ್ಟಿಯಿಂದ ತೆಗೆದರು, ಇದೊಂದನ್ನು ಬಾಕಿ ಇಟ್ಟರು. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ನನ್ನ ಮಟ್ಟಿಗೆ ಅದು ಹೋಗಿದೆ. ಆನೆ ಗಾತ್ರದ ಮರಗಳೇ ಹೋದ ಮೇಲೆ ಹಕ್ಕಿ ಎಲ್ಲಿರುತ್ತೆ?

ಧಾರವಾಡದ_ಮೇಷ್ಟ್ರು

ಇಷ್ಟು ಹೊತ್ತು ಎಲ್ಲರದನ್ನೂ ಓದಿದೆ. ಡೆನ್ಮಾರ್ಕ್ ಹುಡುಗರ ಪುಸ್ತಕ ಲೈಬ್ರರಿಯಲ್ಲಿ ಸಿಕ್ಕಿತು, ಮುಗಿಸಿಯೇ ಬರೆಯುತ್ತಿದ್ದೇನೆ. 2015ರದ್ದು.

ಓದದವರಿಗೆ: 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಒಂದೇ ದಿನದಲ್ಲಿ ನುಂಗಿತು. ದೊಡ್ಡವರು ಸುಮ್ನಿದ್ದರು. ಕ್ನುಡ್ ಪೆಡರ್ಸನ್ ಅನ್ನೋ ಪಾದ್ರಿಯ ಮಗ, ಅವನ ಅಣ್ಣ, ಆಲ್ಬೋರ್ಗ್ ಊರಿನ ಶಾಲೆಯ ಗೆಳೆಯರು ಸೇರಿ 'ಚರ್ಚಿಲ್ ಕ್ಲಬ್' ಕಟ್ಟಿದರು. ಸೈಕಲ್ ಮೇಲೆ ಹೋಗಿ ಜರ್ಮನ್ ಬಂದೂಕು ಕದಿಯೋದು, ಗಾಡಿಗೆ ಬೆಂಕಿ ಇಡೋದು. ಹೆಚ್ಚಿನದು ಹಗಲಲ್ಲೇ, ಯಾಕಂದ್ರೆ ರಾತ್ರಿ ಮನೆಯಲ್ಲಿರಬೇಕು! 1942ರ ಮೇ ತಿಂಗಳಲ್ಲಿ ಸಿಕ್ಕಿಬಿದ್ದರು. ಜೈಲಿಗೆ ಹೋದ ಮೇಲೂ ಕೆಲವರು ಕಿಟಕಿ ಸರಳು ಗರಗಸದಲ್ಲಿ ಕೊಯ್ದು, ರಾತ್ರಿ ಹೊರಗೆ ಹೋಗಿ ಕೆಲಸ ಮುಗಿಸಿ, ಬೆಳಗಾಗೋದ್ರೊಳಗೆ ವಾಪಸ್ ಬಂದು ಮಲಗುತ್ತಿದ್ದರು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ನನ್ನ ಮೊದಲಿನ ಅನುಮಾನಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಹುಡುಗರು ಜಗಳ ಆಡುತ್ತಾರೆ. ಒಬ್ಬನಿಗೆ ಕೊಲ್ಲೋಕೆ ಧೈರ್ಯ ಬರಲ್ಲ. ಜೈಲು ಕ್ನುಡ್‌ನನ್ನು ಬಹಳ ಹಣ್ಣು ಮಾಡುತ್ತೆ. ಮುದುಕನಾದ ಮೇಲೂ ಅವರು ಅದನ್ನು ಶೌರ್ಯ ಅಂತ ಕೊಚ್ಚಿಕೊಳ್ಳಲ್ಲ.

ಅದಕ್ಕಿಂತ ಕಾಡಿದ್ದು ಪುಸ್ತಕ ಹುಟ್ಟಿದ ರೀತಿ. ಹೂಸ್ 2000ದಲ್ಲಿ ಸೈಕಲ್ ಪ್ರವಾಸಕ್ಕೆ ಅಂತ ಡೆನ್ಮಾರ್ಕಿಗೆ ಹೋದಾಗ ಕೋಪನ್‌ಹೇಗನ್ ಮ್ಯೂಸಿಯಂನಲ್ಲಿ ಈ ಹುಡುಗರ ವಿಷಯ ನೋಡಿದರು. ಆಗ ಕೇಳಿದರೆ ಪೆಡರ್ಸನ್ ಬೇರೊಬ್ಬ ಲೇಖಕರಿಗೆ ಮಾತು ಕೊಟ್ಟಿದ್ದರು. ಹನ್ನೆರಡು ವರ್ಷ ಬಿಟ್ಟು ಮತ್ತೆ ಕೇಳಿದರು. 2012ರಲ್ಲಿ ಒಂದು ವಾರ ಎದುರುಬದುರು ಕೂತು ಮಾತಾಡಿದರು. ಪೆಡರ್ಸನ್ ತೀರಿಕೊಂಡದ್ದು 2014ರ ಡಿಸೆಂಬರ್‌ನಲ್ಲಿ, ಪುಸ್ತಕ ಬರುವ ಮುಂಚೆ. ಎರಡನೇ ಸಲ ಕೇಳದಿದ್ದರೆ ಆ ವಾರದ ಮಾತುಗಳೇ ಇರುತ್ತಿರಲಿಲ್ಲ.

ಇದನ್ನು ಓದುವಾಗ ಈಸೂರು ನೆನಪಾಗದೆ ಇರಲಿಲ್ಲ. ಅದೇ 1942. ಶಿಕಾರಿಪುರ ತಾಲ್ಲೂಕಿನ ಆ ಊರವರು ಸ್ವತಂತ್ರ ಅಂತ ಸಾರಿಕೊಂಡಾಗ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ದು ಇಬ್ಬರು ಹುಡುಗರನ್ನು. ಮುಂದೆ ಗಲ್ಲಿಗೇರಿದ ಐವರ ಹೆಸರನ್ನು ಹೇಳುತ್ತೇವೆ, ಹೇಳಲೇಬೇಕು. ಆ ಹುಡುಗರದು ಮಾತ್ರ ಕ್ಲಾಸಿನಲ್ಲಿ ಒಂದು ಸಾಲಿಗೆ ಮುಗಿಯುತ್ತೆ. ಟೋಪಿ ಹಾಕಿಕೊಂಡು ಅಧಿಕಾರಿ ಆದ ದಿನ ಆ ಹುಡುಗನಿಗೆ ಏನನ್ನಿಸಿತು? ಎದುರು ಕೂತು ಕೇಳುವ ಕಾಲ ಮುಗಿದುಹೋಗಿದೆ.

ಕಾಫಿ_ಪುಡಿ

ಮಕ್ಕಳು, ಮೊಮ್ಮಕ್ಕಳು ಇರುತ್ತಾರಲ್ಲ ಸರ್. ಮನೆಯಲ್ಲಿ ಹೇಳಿದ್ದು ನೆನಪಿರುತ್ತೆ. ನಿಮ್ಮ ಹೈಸ್ಕೂಲ್ ಮಕ್ಕಳನ್ನೇ ಪ್ರಶ್ನೆ ಬರೆದುಕೊಂಡು ಕಳಿಸಿ ನೋಡಿ. ಶಿವಮೊಗ್ಗ ಕಡೆ ನಮ್ಮ ನೆಂಟರಿದ್ದಾರೆ, ಊಟ ವಸತಿ ನನ್ನ ಜವಾಬ್ದಾರಿ.

ಧಾರವಾಡದ_ಮೇಷ್ಟ್ರು

ನೀವು ಹೀಗೆ ಹಿಡಿದು ಹಾಕ್ತೀರಿ ಅಂತ ಗೊತ್ತಿದ್ರೆ ಬರೀತಾನೇ ಇರಲಿಲ್ಲ. ದಸರಾ ರಜೆಯಲ್ಲಿ ನೋಡೋಣ. ಪರ್ಸನಲ್ ಮೆಸೇಜ್ ಹಾಕಿ.

ಹೊಸ_ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಏಳನೇ ಕ್ಲಾಸು, ಮಗಳು ಯುಕೆಜಿ. ಇಂಗ್ಲಿಷ್ ಅಷ್ಟಕ್ಕಷ್ಟೇ. ಇವರ ಯಾವ ಪುಸ್ತಕದಿಂದ ಶುರು ಮಾಡಲಿ?

ಹಕ್ಕಿಗೂಡು

ಚಿಕ್ಕವಳಿಗೆ 'ಹೇ, ಲಿಟಲ್ ಆಂಟ್'. ಹೂಸ್ ತಮ್ಮ ಮಗಳ ಜೊತೆ ಸೇರಿ ಬರೆದದ್ದು. ಮೊದಲು ಹಾಡಾಗಿತ್ತು, 1998ರಲ್ಲಿ ಚಿತ್ರಪುಸ್ತಕ ಆಯ್ತು. ಒಬ್ಬ ಹುಡುಗ ಇರುವೆಯನ್ನು ತುಳಿಯೋಕೆ ಕಾಲೆತ್ತಿದ್ದಾನೆ, ಇರುವೆ ಅವನ ಜೊತೆ ವಾದಕ್ಕಿಳಿಯುತ್ತೆ. ಕೊನೆಗೆ ತುಳಿದನಾ ಇಲ್ಲವಾ ಅಂತ ಹೇಳಲ್ಲ, ಓದುವ ಮಗುವನ್ನೇ ಕೇಳಿ ನಿಲ್ಲಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಓದಿದಾಗ ಒಬ್ಬ 'ತುಳೀಬೇಕು, ಅದು ಸಕ್ಕರೆ ಡಬ್ಬಿಗೆ ಬರುತ್ತೆ' ಅಂತ ಹಟ ಹಿಡಿದ. ಜಗಳ ಆಗುತ್ತೆ, ಬಿಡಿ, ಆಗಲಿ.

ದೊಡ್ಡವನಿಗೆ ಡೆನ್ಮಾರ್ಕ್ ಪುಸ್ತಕ ಕೊಡಿ. ಸೈಕಲ್, ಬಂದೂಕು, ಜೈಲು ಎಲ್ಲ ಇರೋದ್ರಿಂದ ಭಾಷೆ ಕಷ್ಟವಾದರೂ ಬಿಡಲ್ಲ. 'ವಿ ವರ್ ದೇರ್, ಟೂ!' ಮೊದಲಿಂದ ಕೊನೆಯವರೆಗೆ ಓದಿಸಬೇಡಿ, ತುಂಬ ಜನ ಬರುತ್ತಾರೆ, ಸುಸ್ತಾಗುತ್ತೆ. ಬೇಕಾದವರ ಪುಟ ತೆಗೆದು ಓದಲಿ. ಕ್ರೀಡೆ ಇಷ್ಟ ಇದ್ದರೆ 2018ರ 'ಆಟಕ್ಸ್!' ಇದೆ, ಇಂಡಿಯಾನಾಪೊಲಿಸ್‌ನ ಕಪ್ಪು ಮಕ್ಕಳ ಶಾಲೆಯೊಂದು 1955ರಲ್ಲಿ ಬಾಸ್ಕೆಟ್‌ಬಾಲ್ ರಾಜ್ಯ ಪ್ರಶಸ್ತಿ ಗೆದ್ದ ಕಥೆ. ಕಾಲ್ವಿನ್ ಪುಸ್ತಕ ಇನ್ನೆರಡು ವರ್ಷ ಬಿಟ್ಟು, ಅದೂ ನೀವು ಮೊದಲು ಓದಿ ಆಮೇಲೆ ಕೊಡಿ. ಅವನು ಕೇಳೋ ಪ್ರಶ್ನೆಗಳಿಗೆ ಪಕ್ಕದಲ್ಲಿ ಯಾರಾದರೂ ಇರಬೇಕು.

ಜರ್ಸಿ_ಕನ್ನಡತಿ

ಡಿಸೆಂಬರಿಗೆ ಬೆಂಗಳೂರಿಗೆ ಬರ್ತಾ ಇದ್ದೀನಿ. ನನ್ನ ಹತ್ತಿರ 'ಮೂನ್‌ಬರ್ಡ್' ಎರಡು ಪ್ರತಿ ಇದೆ, ಒಂದು ತರ್ತೀನಿ. ಮೊದಲು ಕೆರೆ_ಏರಿ ಅವರಿಗೆ, ಆಮೇಲೆ ಹೊಸ_ಓದುಗ ಅವರ ಮಗನಿಗೆ. ನಕ್ಷೆ ಇರೋ ಪುಟಗಳನ್ನು ಮಾತ್ರ ಯಾರೂ ಮಡಚಬೇಡಿ ಪ್ಲೀಸ್.